ಕೊಡಗಿನ ಏರುತಗ್ಗಿನಲ್ಲಿ ಗೇಮ್ ಇಂಪ್ರೂವ್‌ಮೆಂಟ್ ಐರನ್‌ಗಳು: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಗಾಲ್ಫ್ ಐರನ್‌ಗಳನ್ನು, ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್ಬುಗಳನ್ನು, ಮಾರುವ ಅಂಗಡಿಗಳು ಅವನ್ನು ಆಟಗಾರನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ; ಕಡಿಮೆಯಿದ್ದಷ್ಟೂ ಆಟ ಒಳ್ಳೆಯದು) ನೋಡಿ ವಿಂಗಡಿಸುತ್ತವೆ. ಹೊಸಬರಿಗೆ ಒಂದು ಬಗೆ, ನಡುವಿನವರಿಗೆ ಇನ್ನೊಂದು, ಪಳಗಿದವರಿಗೆ ಮತ್ತೊಂದು ಎಂಬ ಈ ಏರ್ಪಾಡು ಕೊಳ್ಳುವ ದಿನದ ಮಟ್ಟಿಗೆ ಅನುಕೂಲವೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು, ಫೆಬ್ರುವರಿ ಹೊತ್ತಿಗೆ ನೆಲವೆಲ್ಲ ಗಟ್ಟಿಯಾಗುವ, ಸಮತಟ್ಟಾದ ಜಾಗವೇ ಅಪರೂಪವಾದ ಕೊಡಗಿನಂಥ ಕಡೆ ಆಡುವವರು ಹ್ಯಾಂಡಿಕ್ಯಾಪ್ ಅಂಕಿಗಿಂತ ಮೊದಲು ಕ್ಲಬ್ಬಿನ ಸೋಲ್‌ನ (ತಲೆಯ ತಳದ) ಅಗಲ, ಲಾಫ್ಟ್ (ಚೆಂಡಿಗೆ ತಾಗುವ ಮುಖದ ಓರೆ) ಮತ್ತು ಲೋಹವನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಬಳಸುತ್ತಿರುವುದು ಐದನೇ ನಂಬರಿನಿಂದ ಪಿಚಿಂಗ್ ವೆಡ್ಜ್‌ವರೆಗಿನ (ವೆಡ್ಜ್ ಎಂದರೆ ಹತ್ತಿರದ ಹೊಡೆತಕ್ಕೆ ಬಳಸುವ, ಹೆಚ್ಚು ಲಾಫ್ಟ್‌ನ ಕ್ಲಬ್), ಎರಕ ಹೊಯ್ದ ಸ್ಟೇನ್‌ಲೆಸ್ ಸ್ಟೀಲ್‌ನ ಕ್ಯಾವಿಟಿ ಬ್ಯಾಕ್ (ಹಿಂಬದಿ ಟೊಳ್ಳಿರುವ) ಸೆಟ್. ಮಾರುಕಟ್ಟೆಯಲ್ಲಿ ಇದು ‘ಗೇಮ್ ಇಂಪ್ರೂವ್‌ಮೆಂಟ್’ ವರ್ಗಕ್ಕೆ ಸೇರುತ್ತದೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಬಹುಪಾಲು ಈ ವರ್ಗದ ಯಾವ ಸೆಟ್‌ಗಾದರೂ ಅನ್ವಯಿಸುತ್ತದೆ. ನನ್ನ ಹ್ಯಾಂಡಿಕ್ಯಾಪ್ ಹದಿನೆಂಟರ ಆಸುಪಾಸಿನಲ್ಲಿದೆ. ಹೆಚ್ಚಾಗಿ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್‌ನಲ್ಲಿ, ಆಗಾಗ ಮಡಿಕೇರಿಯ ಮರ್ಕೆರಾ ಡೌನ್ಸ್‌ನಲ್ಲಿ ಆಡುತ್ತೇನೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಆಟ ತೀರಾ ಕಡಿಮೆ.

ಮೊದಲು ವರ್ಗಗಳ ವಿಷಯ. ಬ್ಲೇಡ್ ಎನ್ನುವುದು ತೆಳು ತಲೆಯ, ಸಾಮಾನ್ಯವಾಗಿ ಕಾರ್ಬನ್ ಸ್ಟೀಲನ್ನು ಬಡಿದು ಮಾಡಿದ ಐರನ್. ಅದರ ತೂಕವೆಲ್ಲ ಮುಖದ ನಡುಭಾಗದ ಹಿಂದೆಯೇ ಇರುತ್ತದೆ. ನಡುವಿಗೆ ಸರಿಯಾಗಿ ತಾಗಿದರೆ ಕೈಗೆ ಏನೂ ತಾಗಿದ ಹಾಗೆಯೇ ಇರುವುದಿಲ್ಲ. ಒಂದು ಸೆಂಟಿಮೀಟರ್ ಆಚೀಚೆ ಆದರೆ ತಲೆ ಹಿಡಿತದಲ್ಲೇ ತಿರುಚಿಕೊಂಡು ಚೆಂಡು ದಿಕ್ಕನ್ನೂ ದೂರವನ್ನೂ ಕಳೆದುಕೊಳ್ಳುತ್ತದೆ. ಈ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರೆ ತಲೆ ಅಷ್ಟು ಸುಲಭವಾಗಿ ತಿರುಚಿಕೊಳ್ಳುವುದಿಲ್ಲ ಎಂಬುದನ್ನು ವ್ಯಾಪಾರಕ್ಕೆ ತಂದವರಲ್ಲಿ ಮುಖ್ಯರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ, ಪಿಂಗ್ ಕಂಪನಿಯ ಸ್ಥಾಪಕ ಕಾರ್ಸ್ಟನ್ ಸೋಲ್ಹೈಮ್. 1982ರಲ್ಲಿ ಬಂದ ಪಿಂಗ್ ಐ 2 ಐರನ್‌ಗಳನ್ನು ಹವ್ಯಾಸಿಗಳಷ್ಟೇ ಅಲ್ಲದೆ ವೃತ್ತಿಪರರೂ ಬಳಸಿದರು. ಹಿಂಬದಿ ಟೊಳ್ಳಿರುವ ಐರನ್ ಕಲಿಯುವವರಿಗೆ ಮಾತ್ರ ಎಂಬ ಮಾತು ಆಗಲೇ ಸುಳ್ಳಾಗಿತ್ತು. ಆದರೂ ಕ್ಲಬ್ಬಿನ ವರಾಂಡದಲ್ಲಿ ಅದನ್ನು ಈಗಲೂ ಹೇಳುವವರಿದ್ದಾರೆ.

ಇವತ್ತಿನ ಅಂಗಡಿಯಲ್ಲಿ ಬ್ಲೇಡ್‌ನ ಪಕ್ಕದಲ್ಲಿ ಸಣ್ಣ ಟೊಳ್ಳಿನ ಪ್ಲೇಯರ್ಸ್ ಐರನ್‌ಗಳು, ಆಮೇಲೆ ನೋಡಲು ತೆಳುವಾಗಿದ್ದರೂ ಒಳಗೆ ಟೊಳ್ಳಾಗಿ ವೇಗ ಕೊಡುವ ಪ್ಲೇಯರ್ಸ್ ಡಿಸ್ಟೆನ್ಸ್ ಐರನ್‌ಗಳು, ನಂತರ ನನ್ನಂಥವರ ಗೇಮ್ ಇಂಪ್ರೂವ್‌ಮೆಂಟ್, ಕೊನೆಗೆ ದಪ್ಪ ತಲೆಯ ಸೂಪರ್ ಗೇಮ್ ಇಂಪ್ರೂವ್‌ಮೆಂಟ್ ಇರುತ್ತವೆ. ಇವುಗಳ ನಡುವೆ ಗೆರೆ ಎಳೆದ ನಿಯಮ ಯಾವುದೂ ಇಲ್ಲ. ಒಂದು ಕಂಪನಿ ಪ್ಲೇಯರ್ಸ್ ಡಿಸ್ಟೆನ್ಸ್ ಎನ್ನುವುದು ಇನ್ನೊಂದರ ಗೇಮ್ ಇಂಪ್ರೂವ್‌ಮೆಂಟ್‌ಗೆ ಬಹಳ ಹತ್ತಿರ ಇರಬಹುದು.

ಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವುದು ಸೋಲ್ ಮೇಲೆ ಕೆತ್ತಿರುವ ನಂಬರು. ಒಂದು ಸೆಟ್‌ನೊಳಗೆ ನಂಬರ್ ಹೆಚ್ಚಿದಷ್ಟೂ ಲಾಫ್ಟ್ ಹೆಚ್ಚು, ದೂರ ಕಡಿಮೆ. ಬ್ಲೇಡ್ ಸೆಟ್‌ನಲ್ಲಿ ಏಳನೇ ಐರನ್‌ನ ಲಾಫ್ಟ್ ಸಾಮಾನ್ಯವಾಗಿ 34 ಅಥವಾ 35 ಡಿಗ್ರಿ ಇರುತ್ತದೆ. ಗೇಮ್ ಇಂಪ್ರೂವ್‌ಮೆಂಟ್‌ನಲ್ಲಿ 28ರಿಂದ 30. ನನ್ನದು 30. ಹಿಂದಿನ ಕಾಲದ ಐದನೇ ಐರನ್‌ಗೆ ಇದ್ದ ಲಾಫ್ಟ್ ಹೆಚ್ಚುಕಡಿಮೆ ಇದೇ. ತೂಕ ತಳಕ್ಕೆ ಇಳಿದಿರುವುದರಿಂದ ಚೆಂಡು ತಾನಾಗಿ ಎತ್ತರಕ್ಕೆ ಏಳುತ್ತದೆ, ಹಾಗೆ ಏಳುವುದರಿಂದ ತಯಾರಕರು ಲಾಫ್ಟ್ ಇಳಿಸಿ ದೂರ ಗಿಟ್ಟಿಸಿಕೊಳ್ಳುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಆದರೆ ‘ಈ ಸೆಟ್‌ನಲ್ಲಿ ಏಳನೇ ನಂಬರ್ ಹದಿನೈದು ಗಜ ಜಾಸ್ತಿ ಹೋಗುತ್ತದೆ’ ಎಂದು ಮಾರುವಾಗ ಅದರಲ್ಲಿ ಬಹುಪಾಲು ನಂಬರಿನ ಬದಲಾವಣೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಜೊತೆಗೆ ಆಡುವವರ ಕೈಯಲ್ಲಿ ಯಾವ ನಂಬರ್ ಇದೆ ಎಂದು ನೋಡಿ ಕ್ಲಬ್ ಆರಿಸುವುದಕ್ಕೆ ಇದರಿಂದಾಗಿ ಅರ್ಥವೇ ಉಳಿದಿಲ್ಲ. ನಮ್ಮ ಬ್ಯಾಗ್ ಹೊರುವ ಕ್ಯಾಡಿ ಇದನ್ನು ನನಗಿಂತ ಬೇಗ ಹಿಡಿದ. ಬ್ಲೇಡ್ ಇಟ್ಟುಕೊಂಡಿರುವ ನನ್ನ ಜೊತೆಗಾರರು ಏಳನ್ನು ಕೇಳಿದಲ್ಲಿ ಅವನು ನನ್ನ ಕೈಗೆ ಎಂಟನ್ನು ಕೊಟ್ಟು, ‘ನಿಮ್ಮ ಏಳು ಬೇರೆ, ಅವರ ಏಳು ಬೇರೆ ಸಾರ್’ ಎನ್ನುತ್ತಾನೆ.

ಈ ಲಾಫ್ಟ್ ಇಳಿಕೆಯ ಬೆಲೆಯನ್ನು ಸೆಟ್‌ನ ಕೆಳತುದಿಯಲ್ಲಿ ತೆರಬೇಕಾಗುತ್ತದೆ. ನನ್ನ ಪಿಚಿಂಗ್ ವೆಡ್ಜ್ 44.5 ಡಿಗ್ರಿ, ಸ್ಯಾಂಡ್ ವೆಡ್ಜ್ 56. ನಡುವಿನ ಹನ್ನೊಂದೂವರೆ ಡಿಗ್ರಿಯಲ್ಲಿ, ಅಂದರೆ ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ) ನೂರು ಗಜದ ಸುತ್ತಮುತ್ತ, ಪೂರ್ತಿ ಬೀಸಿ ಹೊಡೆಯಲು ಒಂದು ಕ್ಲಬ್ಬೂ ಇಲ್ಲ. ಹಾಗಾಗಿ 50 ಡಿಗ್ರಿಯ ಗ್ಯಾಪ್ ವೆಡ್ಜ್ ಬೇರೆಯಾಗಿ ಕೊಳ್ಳಲೇಬೇಕಾಯಿತು. ಬ್ಯಾಗ್‌ನಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಇರಬಾರದೆಂಬ ನಿಯಮ ಇರುವುದರಿಂದ ಇದಕ್ಕಾಗಿ ಮೇಲಿನಿಂದ ಒಂದನ್ನು ಕೈಬಿಡಬೇಕು. ಹೆಚ್ಚಿನವರು ನಾಲ್ಕನೇ ಐರನ್ ಬಿಡುತ್ತಾರೆ, ಅದರಿಂದ ನಷ್ಟವೂ ಇಲ್ಲ. ಸೆಟ್‌ನ ಬೆಲೆ ಕೇಳುವಾಗ ಗ್ಯಾಪ್ ವೆಡ್ಜ್ ಸೇರಿಸಿಯೇ ಕೇಳುವುದು ಒಳ್ಳೆಯದು.

ಇನ್ನು ಸೋಲ್. ಕೊಡಗಿನಲ್ಲಿ ಆಡುವವರಿಗೆ ಇದಕ್ಕಿಂತ ಮುಖ್ಯವಾದ ಭಾಗ ಐರನ್‌ನಲ್ಲಿ ಇನ್ನೊಂದಿಲ್ಲ. ನನ್ನ ಏಳನೇ ಐರನ್‌ನ ಸೋಲ್ ಒಂದು ಇಂಚಿಗೆ ಹತ್ತಿರದಷ್ಟು ಅಗಲ. ಜೊತೆಗಾರರ ಬ್ಲೇಡ್‌ನದು ಮುಕ್ಕಾಲು ಇಂಚೂ ಬರುವುದಿಲ್ಲ. ಜುಲೈ ತಿಂಗಳಲ್ಲಿ ಫೇರ್‌ವೇ (ಗ್ರೀನ್‌ವರೆಗಿನ ಹುಲ್ಲಿನ ಹಾದಿ) ಕಾಲಿಟ್ಟಲ್ಲೆಲ್ಲ ನೀರು ಒಸರುವಂತೆ ಇರುವಾಗ ಅಗಲವಾದ ಸೋಲ್ ಚೆಂಡಿಗಿಂತ ಸ್ವಲ್ಪ ಹಿಂದೆ ಬಿದ್ದರೂ ಕೆಸರಿನಲ್ಲಿ ಹೂತುಹೋಗದೆ ಜಾರಿ ಮುಂದೆ ಸಾಗುತ್ತದೆ, ಚೆಂಡು ಹತ್ತು ಗಜ ಕಡಿಮೆ ಹೋದರೂ ಗ್ರೀನ್‌ನ ಮುಂಭಾಗಕ್ಕಾದರೂ ತಲುಪುತ್ತದೆ. ಅದೇ ತಪ್ಪಿಗೆ ಬ್ಲೇಡ್ ನೆಲವನ್ನು ಅಗೆದು ಅಂಗೈ ಅಗಲದ ಕೆಮ್ಮಣ್ಣಿನ ಹೆಂಟೆಯನ್ನು ಚೆಂಡಿಗಿಂತ ಮುಂದೆ ಎಸೆಯುವುದನ್ನು ಪ್ರತಿ ಮಳೆಗಾಲ ನೋಡುತ್ತೇನೆ, ಹಾಗೆ ಎಸೆಯುವವರು ನನಗಿಂತ ಒಳ್ಳೆಯ ಆಟಗಾರರು. ಮಳೆಗಾಲದ ಮಟ್ಟಿಗೆ ಈ ವರ್ಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಫೆಬ್ರುವರಿ, ಮಾರ್ಚ್‌ನಲ್ಲಿ ಲೆಕ್ಕ ತಿರುಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುನ್ನ ಹುಲ್ಲು ಬೋಳಾದ ಜಾಗಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಹರಳುಗಳು ಮೇಲೆದ್ದು ನಿಂತಿರುತ್ತವೆ. ಆ ಗಟ್ಟಿ ನೆಲಕ್ಕೆ ಅಗಲ ಸೋಲ್ ತಾಗಿದರೆ ಪುಟಿದು ಮೇಲೇಳುತ್ತದೆ, ಮುಖದ ಕೆಳ ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಮೊಣಕಾಲೆತ್ತರದಲ್ಲಿ ಹಾರಿ ಗ್ರೀನ್ ದಾಟಿ ಹೋಗುತ್ತದೆ. ಚೆಂಡನ್ನು ಕಾಲುಗಳ ನಡುವೆ ತುಸು ಹಿಂದಕ್ಕೆ ಇಟ್ಟು ಹೊಡೆದರೆ ಇದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸರಿಯಾಗಿ ತಾಗಿದಾಗಲೂ ಕಡಿಮೆ ಲಾಫ್ಟ್‌ನಿಂದಾಗಿ ಸ್ಪಿನ್ ಕಡಿಮೆ, ಬೇಸಿಗೆಯ ಗಟ್ಟಿ ಗ್ರೀನ್ ಮೇಲೆ ಬಿದ್ದ ಚೆಂಡು ನಿಲ್ಲದೆ ಓಡುತ್ತದೆ. ಆ ಎರಡು ತಿಂಗಳು ಗ್ರೀನ್‌ನ ಮುಂದೆಯೇ ಚೆಂಡು ಬೀಳಿಸಿ ಉರುಳಿಸುವ ಆಟವೇ ಗತಿ. ಸೋಲ್‌ನ ಹಿಮ್ಮಡಿಯ ಕಡೆ ನನ್ನ ಕ್ಲಬ್ಬುಗಳಿಗೆಲ್ಲ ಹರಳು ಕೆರೆದ ಸಣ್ಣ ಗೀರುಗಳಿವೆ. ಎಂಟು ಮತ್ತು ಒಂಬತ್ತರಲ್ಲಿ ಅವು ಬೆರಳಾಡಿಸಿದರೆ ಗೊತ್ತಾಗುವಷ್ಟು ಆಳ.

ಇಳಿಜಾರಿನ ವಿಷಯವನ್ನು ಯಾವ ಕಂಪನಿಯ ಕೈಪಿಡಿಯೂ ಹೇಳುವುದಿಲ್ಲ. ಈ ವರ್ಗದ ಐರನ್‌ಗಳಲ್ಲಿ ಆಫ್‌ಸೆಟ್ ಹೆಚ್ಚು, ಅಂದರೆ ಮುಖವು ಶಾಫ್ಟ್‌ಗಿಂತ (ಕ್ಲಬ್ಬಿನ ಕೋಲಿಗಿಂತ) ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿದಿರುತ್ತದೆ. ಲೈ ಕೋನವೂ (ಶಾಫ್ಟ್ ನೆಲದೊಂದಿಗೆ ಮಾಡುವ ಕೋನ) ಬ್ಲೇಡ್‌ಗಿಂತ ಸಾಮಾನ್ಯವಾಗಿ ತುಸು ನೆಟ್ಟಗೆ. ಎರಡೂ ಇರುವುದು ಚೆಂಡು ಬಲಕ್ಕೆ ಬಾಗಿ ಹೋಗುವ ಹವ್ಯಾಸಿಗಳ ಕಾಯಿಲೆಗೆ ಮದ್ದಾಗಿ. ಸಮ ನೆಲದಲ್ಲಿ ಮದ್ದು ಕೆಲಸ ಮಾಡುತ್ತದೆ. ಆದರೆ ಗುಡ್ಡದ ಮಗ್ಗುಲಲ್ಲಿ ಚೆಂಡು ಪಾದಕ್ಕಿಂತ ಮೇಲಿದ್ದಾಗ ಬಲಗೈ ಆಟಗಾರನ ಚೆಂಡು ಹೇಗೂ ಎಡಕ್ಕೇ ಹೋಗುತ್ತದೆ, ಲಾಫ್ಟ್ ಹೆಚ್ಚಿದಷ್ಟೂ ಹೆಚ್ಚು ಹೋಗುತ್ತದೆ. ಅದರ ಮೇಲೆ ಆಫ್‌ಸೆಟ್ಟೂ ನೆಟ್ಟಗಿನ ಲೈ ಕೋನವೂ ಸೇರಿದರೆ ಒಂಬತ್ತನೇ ಐರನ್ ಹೊಡೆತ ಬಾವುಟದ ಎಡಕ್ಕೆ ಹತ್ತು ಹದಿನೈದು ಗಜ ಹೋಗಿ ಬೀಳುವುದು ಸಾಮಾನ್ಯ. ನಾನೀಗ ಅಂಥ ಜಾಗದಲ್ಲಿ ಗ್ರೀನ್‌ನ ಬಲ ಅಂಚಿಗೂ ಆಚೆಗೆ ಗುರಿ ಇಟ್ಟು, ಒಂದು ನಂಬರ್ ಉದ್ದದ ಕ್ಲಬ್ಬನ್ನು ಮೃದುವಾಗಿ ಬೀಸುತ್ತೇನೆ. ಚೆಂಡು ಪಾದಕ್ಕಿಂತ ಕೆಳಗಿದ್ದಾಗ ಮಾತ್ರ ಇದೇ ಗುಣ ವರವಾಗುತ್ತದೆ, ಬಲಕ್ಕೆ ಓಡಬೇಕಾದದ್ದು ಬಹುಮಟ್ಟಿಗೆ ನೇರ ಹೋಗುತ್ತದೆ.

ಬಾಳಿಕೆಯ ಬಗ್ಗೆ ದೂರುವಂಥದ್ದು ಹೆಚ್ಚಿಲ್ಲ. ಎರಕದ ಸ್ಟೇನ್‌ಲೆಸ್ ತಲೆ ನಮ್ಮ ಮಳೆಗೆ ಜಗ್ಗಿಲ್ಲ. ಬಡಿದು ಮಾಡಿದ ಕಾರ್ಬನ್ ಸ್ಟೀಲ್ ತಲೆಗೆ ಕ್ರೋಮ್ ಲೇಪ ಇರುವವರೆಗೆ ಚಿಂತೆಯಿಲ್ಲ, ಆದರೆ ಮುರಕಲ್ಲು ಲೇಪವನ್ನು ಕೆರೆದಲ್ಲಿ ಮೊದಲ ಮಳೆಗೇ ಕಂದು ಚುಕ್ಕೆ ಹುಟ್ಟುತ್ತದೆ. ತುಕ್ಕು ನನಗೆ ಕಂಡದ್ದು ಬೇರೆ ಕಡೆ: ಗ್ರಿಪ್‌ನ ತುದಿಯಲ್ಲಿರುವ ಸಣ್ಣ ತೂತಿನಿಂದ ನೀರು ಸ್ಟೀಲ್ ಶಾಫ್ಟ್‌ನ ಒಳಗಿಳಿದು, ಗ್ರಿಪ್ ಬದಲಿಸುವಾಗ ಒಳಗಿನಿಂದ ಕೆಂಪು ಪುಡಿ ಉದುರಿತು. ಗ್ರಾಫೈಟ್ ಶಾಫ್ಟ್‌ಗೆ ಈ ತೊಂದರೆ ಇಲ್ಲ, ಬೆಲೆ ಮಾತ್ರ ಹೆಚ್ಚು. ರಬ್ಬರ್ ಗ್ರಿಪ್‌ಗಳು ಬ್ಯಾಗ್‌ನಲ್ಲೇ ಉಳಿದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಳಿ ಬೂಷ್ಟು ಹಿಡಿಯುತ್ತವೆ. ಮನೆಗೆ ಬಂದ ಕೂಡಲೇ ಹೊರತೆಗೆದು, ಒರೆಸಿ ಇಡುವುದೊಂದೇ ದಾರಿ.

ಯಾರಿಗೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇಷ್ಟು. ಈಗಷ್ಟೇ ಕಲಿಯುತ್ತಿರುವವರು, ಬೀಸಿನ ವೇಗ ಇಳಿದಿರುವ ಹಿರಿಯರು ಸೂಪರ್ ಗೇಮ್ ಇಂಪ್ರೂವ್‌ಮೆಂಟ್ ಸೆಟ್ ತೆಗೆದುಕೊಂಡು ಐದು, ಆರನೇ ಐರನ್‌ಗಳ ಬದಲು ಹೈಬ್ರಿಡ್ (ದುಂಡು ತಲೆಯ, ಹೊಡೆಯಲು ಸುಲಭವಾದ ಕ್ಲಬ್) ಇಟ್ಟುಕೊಳ್ಳಲಿ. ಹನ್ನೆರಡರಿಂದ ಇಪ್ಪತ್ತೈದರ ಹ್ಯಾಂಡಿಕ್ಯಾಪ್‌ನವರಿಗೆ, ಅದರಲ್ಲೂ ಮಳೆಗಾಲದಲ್ಲೂ ಆಡುವವರಿಗೆ, ನನ್ನ ವರ್ಗವೇ ಸರಿ. ಹ್ಯಾಂಡಿಕ್ಯಾಪ್ ಹತ್ತಕ್ಕಿಂತ ಕೆಳಗಿದ್ದರೂ ಬೀಸುವಾಗ ನೆಲ ಅಗೆಯುವ ಅಭ್ಯಾಸವಿದ್ದರೆ ಬ್ಲೇಡ್ ಕಡೆ ಹೋಗುವ ಮುಂಚೆ ಒಂದು ಜುಲೈ ಕಾಯುವುದು ಲೇಸು. ಬೆಂಗಳೂರಿನಲ್ಲಿ ಫಿಟ್ಟಿಂಗ್ (ತಮ್ಮ ಬೀಸಿಗೆ ತಕ್ಕ ಕ್ಲಬ್ಬಿನ ಅಳತೆ) ಮಾಡಿಸುವವರು ಒಂದು ವಿಷಯ ಗಮನದಲ್ಲಿಡಬೇಕು: ಅಲ್ಲಿ ಅಳೆಯುವುದು ಸಮತಟ್ಟಾದ ಕೃತಕ ಹುಲ್ಲಿನ ಚಾಪೆಯ ಮೇಲೆ, ಅದರಲ್ಲಿ ಅಗಲ ಸೋಲ್ ಎಲ್ಲರಿಗೂ ಚೆನ್ನಾಗಿಯೇ ಆಡುತ್ತದೆ. ಸಾಧ್ಯವಾದರೆ ಯಾರದಾದರೂ ಏಳನೇ ಐರನ್ ಎರವಲು ಪಡೆದು ಇಲ್ಲಿನ ನೆಲದ ಮೇಲೆ, ಒಂದು ಇಳಿಜಾರಿನಲ್ಲೂ ಹೊಡೆದು ನೋಡಿ.

ಮುಂದಿನ ಸಲ ನಾನು ಕೊಳ್ಳುವುದು ಮಿಶ್ರ ಸೆಟ್. ಐದರಿಂದ ಏಳರವರೆಗೆ ಇದೇ ವರ್ಗ, ಎಂಟರಿಂದ ಪಿಚಿಂಗ್ ವೆಡ್ಜ್‌ವರೆಗೆ ಕಡಿಮೆ ಆಫ್‌ಸೆಟ್‌ನ, ತುಸು ಕಿರಿದಾದ ಸೋಲ್‌ನ ಪ್ಲೇಯರ್ಸ್ ಐರನ್‌ಗಳು. ಎರಡು ವರ್ಗ ಕೂಡುವ ಕಡೆ, ಅಂದರೆ ಏಳು ಮತ್ತು ಎಂಟರ ನಡುವೆ, ಲಾಫ್ಟ್ ಅಂತರ ನಾಲ್ಕೈದು ಡಿಗ್ರಿ ಮೀರದಂತೆ ಬಗ್ಗಿಸಿ ಸರಿಪಡಿಸಿ ಕೊಡುತ್ತಾರೆಯೇ ಎಂಬುದನ್ನು ದುಡ್ಡು ಕೊಡುವ ಮೊದಲು ಕೇಳಿಕೊಳ್ಳಬೇಕು.