ಪಿಜಿ, ತುಮಕೂರು, ದಾಸರಹಳ್ಳಿ: 22,000 ಸಂಬಳದಲ್ಲಿ ಮೂರು ವಾಸ

ಕೈಗೆ ಬರುವ ಸಂಬಳ 22,000 ರೂಪಾಯಿ. ಅದರಲ್ಲಿ 6,000 ತಿಪಟೂರಿನ ಮನೆಗೆ ಹೋಗಲೇಬೇಕು. ಕಚೇರಿ ಇರುವುದು ಬೆಂಗಳೂರಿನ ರಾಜಾಜಿನಗರದಲ್ಲಿ. ಇವು ಮೂರೂ ನನ್ನ ಕೈಯಲ್ಲಿಲ್ಲ. ನಾನು ಬದಲಿಸಬಹುದಾಗಿದ್ದದ್ದು ವಾಸದ ಜಾಗವೊಂದನ್ನೇ. 2022ರಿಂದ ಈಚೆಗೆ ಮೂರು ಬಗೆಯಲ್ಲಿ ಇದ್ದು ನೋಡಿದ್ದೇನೆ, ಮೂರರ ಖರ್ಚನ್ನೂ ಬರೆದಿಟ್ಟಿದ್ದೇನೆ.

ಮೊದಲು ಸೇರಿದ್ದು ಕಚೇರಿಗೆ ನಡೆದೇ ಹೋಗಬಹುದಾದ ಒಂದು ಪಿಜಿಗೆ. ಮೂವರಿಗೊಂದು ಕೋಣೆ, ಊಟ ಸೇರಿ 7,500. ಮುಂಗಡ ಬರೀ 5,000. ಊರಿನಿಂದ ಒಂದೇ ಚೀಲ ಹಿಡಿದು ಬಂದವಳಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇರಲಿಲ್ಲ. ಆದರೆ ‘ಊಟ ಸೇರಿ’ ಎಂಬ ಮಾತನ್ನು ನಂಬಿ ಲೆಕ್ಕ ಹಾಕಬೇಡಿ. ಬೆಳಗಿನ ಚಿತ್ರಾನ್ನವೇ ಮಧ್ಯಾಹ್ನದ ಡಬ್ಬಿಗೂ ಆಗಬೇಕು, ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ, ಕೆಲಸದಿಂದ ತಡವಾಗಿ ಬಂದರೆ ಸಾರಿನ ಪಾತ್ರೆ ತಳ ಕಂಡಿರುತ್ತದೆ. ದರ್ಶಿನಿಗಳಲ್ಲಿ ತಿಂದದ್ದೇ ತಿಂಗಳಿಗೆ 2,800 ಆಯಿತು. ಬಟ್ಟೆ ಒಗೆಯುವ ಯಂತ್ರಕ್ಕೆ 300 ಸೇರಿಸಿದರೆ ಒಟ್ಟು 10,600. ಬಿಡುವಾಗ ಮುಂಗಡದಲ್ಲಿ 2,000 ರೂಪಾಯಿಯನ್ನು ‘ನಿರ್ವಹಣೆ’ಗೆಂದು ಮುರಿದುಕೊಂಡರು. ಸೇರುವಾಗ ಯಾರೂ ಅದನ್ನು ಹೇಳಿರಲಿಲ್ಲ, ರಸೀದಿಯಲ್ಲೂ ಬರೆದಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ ಎಂದಾದಾಗ ನನ್ನ ಕಣ್ಣು ತುಮಕೂರಿನ ಮೇಲೆ ಬಿತ್ತು. ಸುಮಾರು 70 ಕಿಲೋಮೀಟರ್ ದೂರ. ಅಲ್ಲಿ ಅಡುಗೆಮನೆ ಇರುವ ಒಂದು ಕೋಣೆ 4,000ಕ್ಕೆ ಸಿಕ್ಕಿತು. ಅಕ್ಕಿ, ರಾಗಿ, ತರಕಾರಿ, ಗ್ಯಾಸ್ ಎಲ್ಲ ಸೇರಿ 2,800. ಕರೆಂಟು ಮತ್ತು ಇತರೆ 500. ಒಟ್ಟು 7,300. ಕಾಗದದ ಮೇಲೆ ಇದನ್ನು ಮೀರಿಸುವ ಬದುಕಿಲ್ಲ. ಗಂಡಸರಿಗೆ ಈ ಲೆಕ್ಕ ಹೊಂದುವುದಿಲ್ಲ. ನಮ್ಮ ಕಚೇರಿಯವರೊಬ್ಬರು ರೈಲಿನ ಮಾಸಿಕ ಪಾಸು ಮಾಡಿಸಿಕೊಂಡು ಯಶವಂತಪುರಕ್ಕೆ ಬರುತ್ತಿದ್ದರು.

ಆದರೆ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮರಳಿ ಬೀಗ ತೆಗೆಯುವಾಗ ರಾತ್ರಿ ಒಂಬತ್ತು. ನೆಲಮಂಗಲದವರೆಗೆ ಬಸ್ಸು ಸರಾಗವಾಗಿ ಬರುತ್ತದೆ. ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯದವರೆಗಿನ ದಾರಿ ಮಾತ್ರ ಜೀವ ತಿನ್ನುತ್ತದೆ. ಎಷ್ಟೋ ದಿನ ನಿಂತೇ ಬಂದೆ. ರಾತ್ರಿ ಒಂಬತ್ತರ ಮೇಲೆ ಮುದ್ದೆ ತಿರುವಲು ತೋಳಿನಲ್ಲಿ ಕಸುವಿರುತ್ತಿರಲಿಲ್ಲ, ಅವಲಕ್ಕಿ ನೆನೆಸಿ ತಿಂದು ಮಲಗುತ್ತಿದ್ದೆ. ಹತ್ತು ತಿಂಗಳು ಹೀಗೆ ಕಳೆಯಿತು. ಪಿಜಿಗಿಂತ ತಿಂಗಳಿಗೆ 3,300ರಂತೆ 33,000 ಉಳಿಯಿತು. ಮುಂದಿನ ಮನೆಯ ಬಾಗಿಲು ತೆರೆದದ್ದು ಈ ಹಣವೇ.

2024ರಲ್ಲಿ ಸಹೋದ್ಯೋಗಿಯೊಬ್ಬಳ ಜೊತೆ ದಾಸರಹಳ್ಳಿಯಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆ. ಬಾಡಿಗೆ 9,000. ಬೆಂಗಳೂರಿನ ಹಳೆಯ ರೂಢಿಯಂತೆ ಮಾಲೀಕರು ಹತ್ತು ತಿಂಗಳ ಮುಂಗಡ ಕೇಳಿದರು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಸತಿ ಮನೆಗೆ ಎರಡು ತಿಂಗಳ ಬಾಡಿಗೆ ಸಾಕು ಎನ್ನುತ್ತದೆ. ಅದು ಮಾದರಿಯಷ್ಟೇ, ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡ ಹೊರತು ಮಾಲೀಕರ ಮುಂದೆ ಅದಕ್ಕೆ ಬಲವಿಲ್ಲ. ಎರಡು ಭಾನುವಾರ ಹೋಗಿ ಕೂತು ಮಾತಾಡಿ 60,000ಕ್ಕೆ ಒಪ್ಪಿಸಿದೆವು. ನನ್ನ ಪಾಲು 30,000. ಪಿಜಿಯ ಪಾಠ ನೆನಪಿತ್ತು. ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಹಿಡಿಯಕೂಡದು ಎಂದು ಹನ್ನೊಂದು ತಿಂಗಳ ಕರಾರಿನಲ್ಲೇ ಬರೆಸಿದೆವು.

ಮನೆ ನೋಡಲು ಹೋದಾಗ ನಾನು ಮೊದಲು ಕೇಳಿದ್ದು ಮೀಟರ್ ಪ್ರತ್ಯೇಕವೇ ಎಂದು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಆ ಮನೆಯ ಮೀಟರಿಗೆ ನಮ್ಮ ಆಧಾರ್ ಜೋಡಿಸಬೇಕು. ತುಮಕೂರಿನಲ್ಲಿ ಮಾಲೀಕರದ್ದೂ ನನ್ನದೂ ಒಂದೇ ಮೀಟರ್ ಆಗಿದ್ದರಿಂದ ಪ್ರತಿ ತಿಂಗಳು ಕರೆಂಟಿಗೆ ದುಡ್ಡು ಕೊಟ್ಟೆ. ಇಲ್ಲಿ ಬಿಲ್ಲು ಸೊನ್ನೆ. ಬಾಡಿಗೆಯ ಪಾಲು 4,500, ನೀರಿಗೆ 300, ಅಡುಗೆಗೆ 3,100, ಅವಸರದ ದಿನಗಳ ಮೆಟ್ರೋಗೆ 400. ಒಟ್ಟು 8,300. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆದ ಮೇಲೆ ಬಿಎಂಟಿಸಿ ಬಸ್ಸನ್ನೇ ಹೆಚ್ಚು ನೆಚ್ಚಿಕೊಂಡಿದ್ದೇನೆ.

ತುಮಕೂರಿಗಿಂತ ತಿಂಗಳಿಗೆ 1,000 ಹೆಚ್ಚು. ಅಲ್ಲಿ ದಿನಕ್ಕೆ ಐದೂವರೆ ತಾಸು ದಾರಿಯಲ್ಲಿ ಹೋಗುತ್ತಿತ್ತು, ಇಲ್ಲಿ ಒಂದೂವರೆ. ತಿಂಗಳಿಗೆ 25 ಕೆಲಸದ ದಿನ ಎಂದರೂ ನೂರು ತಾಸು ನನ್ನ ಕೈಗೆ ಮರಳಿ ಬಂತು, ತಾಸಿಗೆ ಹತ್ತು ರೂಪಾಯಿಯಂತೆ. ಆರೂವರೆಗೆ ಏಳುತ್ತೇನೆ, ಡಬ್ಬಿಗೆ ಬಿಸಿ ಪಲ್ಯ ಮಾಡಿಕೊಳ್ಳುತ್ತೇನೆ, ಸಂಜೆ ಟ್ಯಾಲಿ ತರಗತಿಗೆ ಹೋಗುತ್ತೇನೆ. ಇದ್ದ ಮೂರರಲ್ಲಿ ನನಗೆ ಒಗ್ಗಿದ್ದು ದಾಸರಹಳ್ಳಿಯೇ. ತಿಂಗಳ ಬಾಡಿಗೆಯಿಲ್ಲದ ಭೋಗ್ಯದ ಮನೆಗಳನ್ನೂ ವಿಚಾರಿಸಿದ್ದೆ. ಲಕ್ಷಗಟ್ಟಲೆ ಒಟ್ಟಿಗೆ ಕೊಡಬೇಕು, ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದರೆ ನಮ್ಮ ಹಣಕ್ಕೇ ಕುತ್ತು. ಅಲ್ಲಿಗೇ ಬಿಟ್ಟೆ.

ಚಿಕ್ಕಪ್ಪನ ಮಗಳು ಮುಂದಿನ ತಿಂಗಳು ಕೆಲಸಕ್ಕೆ ಬರುತ್ತಿದ್ದಾಳೆ. ಅವಳ ಬಳಿ ಮುಂಗಡಕ್ಕೆ ಹಣವಿಲ್ಲ. ಮೊದಲ ಆರು ತಿಂಗಳು ಪಿಜಿಯೇ ಆಗಲಿ ಎಂದಿದ್ದೇನೆ. ಮುರಿದುಕೊಳ್ಳುವುದೆಷ್ಟು ಎಂಬುದನ್ನು ಸೇರುವ ದಿನವೇ ರಸೀದಿಯ ಮೇಲೆ ಬರೆಸಲು ಜೊತೆಗೆ ನಾನೂ ಹೋಗುತ್ತೇನೆ. ಭಾನುವಾರ ರಾತ್ರಿಯ ಊಟ ನಮ್ಮ ಮನೆಯಲ್ಲಿ.