ಮದುವೆಗೆ ವೀರಗಾಸೆ ಕರೆಸಿಕೊಡುವ ಸೇವೆ: ಕುಣಿತ ಬಂತು, ಒಡಪು ಮೊಟಕಾಯಿತು

ವೀರಭದ್ರನಿಗೆ ನಡೆದುಕೊಳ್ಳುವ ನಮ್ಮಂಥ ಕುಟುಂಬಗಳಲ್ಲಿ ಮದುವೆಗೆ ಗುಗ್ಗುಳ (ಮಡಕೆಯಲ್ಲಿ ಕೆಂಡ ಹೊತ್ತು ಸಾಗುವ ಮೆರವಣಿಗೆ) ತೆಗೆಯುವುದು, ಅದರ ಮುಂದೆ ವೀರಗಾಸೆಯವರು ಕುಣಿಯುವುದು ರೂಢಿ. ಊರಿನಲ್ಲಾದರೆ ಎಲೆ ಅಡಿಕೆ ಹಿಡಿದು ಮೇಳದವರ ಮನೆಗೇ ಹೋಗಿ ಕರೆಯುತ್ತೇವೆ. ಬೆಂಗಳೂರಿನಲ್ಲಿ ಆ ಪರಿಚಯಗಳಿಲ್ಲದವರಿಗೆ ಜನಪದ ಕಲಾತಂಡಗಳನ್ನು ಗೊತ್ತುಮಾಡಿಕೊಡುವ ಸಂಸ್ಥೆಗಳೇ ದಾರಿ. ರಾಜಾಜಿನಗರದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಅಣ್ಣನ ಮಗನ ಮದುವೆಗೆ ಅಂಥದೊಂದು ಸಂಸ್ಥೆಯ ಮೂಲಕ ತುಮಕೂರು ಕಡೆಯ ಮೇಳವನ್ನು ಕರೆಸಿದ್ದೆವು.

ವ್ಯವಸ್ಥೆಯ ಮಟ್ಟಿಗೆ ಸಂಸ್ಥೆಯದು ಅಚ್ಚುಕಟ್ಟಾದ ಕೆಲಸ. ಮೇಳ ಹೇಳಿದ ಹೊತ್ತಿಗೆ ಬಂತು, ದರ ಮೊದಲು ಒಪ್ಪಿದಷ್ಟೇ ಇತ್ತು, ವೇಷ ಕಟ್ಟಿಕೊಳ್ಳಲು ಪ್ರತ್ಯೇಕ ಕೋಣೆಯನ್ನು ಅವರೇ ಕೇಳಿ ಪಡೆದಿದ್ದರು. ಆ ಕೋಣೆಯಲ್ಲಿ ಕಲಾವಿದರು ಮೊದಲು ಖಡ್ಗಕ್ಕೂ ವೀರಭದ್ರನ ಆಕೃತಿಯಿರುವ ಹಲಗೆಗೂ ಪೂಜೆ ಮಾಡಿ, ವಿಭೂತಿ ಧರಿಸಿ, ಕಾವಿ ಬಣ್ಣದ ಕಚ್ಚೆ ಉಟ್ಟು, ರುದ್ರಾಕ್ಷಿ, ನಾಗಾಭರಣ, ಗೆಜ್ಜೆಗಳನ್ನು ಒಂದೊಂದಾಗಿ ತೊಟ್ಟುಕೊಂಡರು. ಒಬ್ಬರ ಬೆನ್ನಿಗೆ ಇನ್ನೊಬ್ಬರು ದಾರ ಬಿಗಿಯುವಾಗಲೂ ಮಾತು ತೀರ ಕಡಿಮೆ. ಊರ ಗುಡಿಯ ಶಿಸ್ತು ಅಲ್ಲಿ ಒಂದಿಷ್ಟೂ ಸಡಿಲವಾಗಿರಲಿಲ್ಲ.

ಮಂಟಪದೊಳಗೆ ಕೆಂಡ ತರಬಾರದೆಂಬ ನಿಯಮವಿದ್ದುದರಿಂದ ಗುಗ್ಗುಳವನ್ನು ಗೇಟಿನ ಹೊರಗೇ ಮುಗಿಸಿ, ಒಳಗೆ ಕುಣಿತವನ್ನಷ್ಟೇ ತಂದರು. ಹರಕೆಯ ಶಸ್ತ್ರ ಹಾಕುವುದು (ಕೆನ್ನೆ, ನಾಲಿಗೆಗೆ ಶಸ್ತ್ರ ಚುಚ್ಚಿಕೊಳ್ಳುವುದು) ದೇವರ ಸನ್ನಿಧಿಯಲ್ಲೇ ಹೊರತು ಇಲ್ಲಿ ಅಲ್ಲ ಎಂದು ಮೇಳದ ಯಜಮಾನರು ಮೊದಲೇ ತಿಳಿಸಿದ್ದರು. ಯಾವುದು ಗುಡಿಯಲ್ಲಿರಬೇಕು, ಯಾವುದು ನಗರದ ಮಂಟಪಕ್ಕೆ ಬರಬಹುದು ಎಂಬ ಈ ವಿವೇಚನೆಯನ್ನು ಕಲಾವಿದರೇ ಮಾಡಿಕೊಂಡಿದ್ದರೆಂಬುದು ನನಗೆ ಬಹಳ ಮೆಚ್ಚುಗೆಯಾಯಿತು. ವೀರಗಾಸೆ ಮೈಸೂರು ದಸರಾ ಮೆರವಣಿಗೆಗೂ ವೇದಿಕೆಗೂ ಬಂದಿದೆ, ಈಗ ಮಹಿಳೆಯರ ತಂಡಗಳೂ ಕುಣಿಯುತ್ತಿವೆ. ಬದಲಾವಣೆಗೆ ಅದು ಬೆದರುವ ಕಲೆಯಲ್ಲ.

ಆದರೆ ಆರತಕ್ಷತೆಯ ಹೊತ್ತಿನಲ್ಲಿ ಸಂಸ್ಥೆಯ ಮೇಲ್ವಿಚಾರಕರು ಮಾಡಿದ್ದನ್ನು ಒಪ್ಪಲಾರೆ. ವಧೂವರರ ಪ್ರವೇಶಕ್ಕೆ ಹದಿನೈದು ನಿಮಿಷ ನಿಗದಿ ಮಾಡಿ, ಕರಡೆ, ಸಂಬಾಳ ವಾದ್ಯಗಳ ಮೇಲೆ ಧ್ವನಿವರ್ಧಕದಲ್ಲಿ ಮುದ್ರಿತ ಸಂಗೀತ ಹಾಕಿಸಿದರು. ಯಜಮಾನರು ಒಡಪು, ಅಂದರೆ ಕುಣಿತದ ನಡುವೆ ವೀರಭದ್ರನ ಕಥೆ ಹೇಳುವ ಮಾತು, ಎತ್ತಿಕೊಂಡು ದಕ್ಷಯಜ್ಞದ ಕಥೆಗೆ ಬರುವಷ್ಟರಲ್ಲಿ ಕೈಸನ್ನೆ ಮಾಡಿ ನಿಲ್ಲಿಸಿದರು. ಒಡಪಿಲ್ಲದ ವೀರಗಾಸೆ ಅರ್ಧ ವೀರಗಾಸೆ. ದಾಕ್ಷಾಯಿಣಿ ಯಜ್ಞಕುಂಡಕ್ಕೆ ಹಾರಿದ್ದು, ಶಿವನ ಕೋಪದಿಂದ ವೀರಭದ್ರ ಹುಟ್ಟಿದ್ದು, ದಕ್ಷನ ತಲೆ ಉರುಳಿ ಅವನಿಗೆ ಕುರಿಯ ತಲೆ ಬಂದದ್ದು ಒಡಪಿನಲ್ಲಿ ಕೇಳಿದ ಮೇಲೆಯೇ ಖಡ್ಗ ಬೀಸುವ ಹೆಜ್ಜೆಗೆ ಅರ್ಥ ಬರುವುದು. ಯಜಮಾನರ ಕೈಯ ಹಲಗೆಯಲ್ಲಿ ವೀರಭದ್ರನ ಪಕ್ಕ ಕೈಮುಗಿದು ನಿಂತಿದ್ದ ಕುರಿತಲೆಯ ಸಣ್ಣ ಆಕೃತಿಯನ್ನು ತೋರಿಸಿ, "ಇದು ಯಾರಜ್ಜಾ?" ಎಂದು ನಮ್ಮ ಮನೆಯ ಹುಡುಗಿಯೊಬ್ಬಳು ಕೇಳಿದಳು. ಊಟದ ಪಂಕ್ತಿಯ ಪಕ್ಕದಲ್ಲಿ ನಿಂತೇ ಅವರು ಕಥೆಯನ್ನು ಅವಳಿಗೆ ಹೇಳಿದರು. ಸುತ್ತ ಇನ್ನಷ್ಟು ಮಕ್ಕಳು ಸೇರಿಕೊಂಡರು. ಸಭೆಗೆ ಬೇಸರವಾಗುತ್ತದೆಂದು ಮೇಲ್ವಿಚಾರಕರು ತಡೆದದ್ದು ಇದನ್ನೇ.

ಹೆಜ್ಜೆ ಮೊಟಕಾಗಲಿ, ಬೆಂಕಿ ಹೊರಗುಳಿಯಲಿ, ಅದು ನಗರದ ಅನಿವಾರ್ಯ. ಮಾತನ್ನೇ ಕಿತ್ತುಕೊಂಡರೆ ಉಳಿಯುವುದು ಮೆರವಣಿಗೆಯ ಅಲಂಕಾರ, ಮನೆದೇವರ ಸೇವೆಯಲ್ಲ.

ಆದ್ದರಿಂದ ಇಂಥ ಸೇವೆಯನ್ನು ಗೊತ್ತುಮಾಡುವವರು ಮುಂಗಡ ಕೊಡುವ ಮುನ್ನ ಮೇಳದ ಯಜಮಾನರ ಜೊತೆ ನೇರವಾಗಿ ಮಾತಾಡಿ, ಒಡಪಿಗೆ ಎಷ್ಟು ಹೊತ್ತು ಬೇಕೆಂದು ಕೇಳಿ, ಅಷ್ಟನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಕಲಾವಿದರ ಸಂಭಾವನೆಯನ್ನು ಬೇರೆಯಾಗಿ ತೋರಿಸಲು ಕೇಳಿ. ನಮಗೆ ಕೊಟ್ಟ ಬಿಲ್ಲಿನಲ್ಲಿ ಎಲ್ಲವೂ ಒಂದೇ ಮೊತ್ತವಾಗಿತ್ತು. ಆರತಕ್ಷತೆ ರಾತ್ರಿಯಾದರೆ ಕುಣಿತವನ್ನು ಮೊದಲೇ ಇಟ್ಟುಕೊಳ್ಳಿ, ಏಕೆಂದರೆ ಹತ್ತು ಗಂಟೆಯ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಶ್ರಾವಣ, ಕಾರ್ತಿಕಗಳಲ್ಲಿ ಮೇಳಗಳಿಗೆ ಊರಿನ ದೇವರ ಕಾರ್ಯಗಳೇ ಹೆಚ್ಚು, ಆ ತಿಂಗಳುಗಳಿಗೆ ಬಹಳ ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು.