ಕಾರ್ಬುರೇಟರ್‌ಗೆ ಹೊಳಪು ಕೊಡ್ತೀವಿ ಅನ್ನೋರ ಕೈಗೆ ಕೊಡುವ ಮುಂಚೆ ಇದನ್ನು ಓದಿ

ಬೆಳಗಾವಿಯಲ್ಲಿ ಹಳೆ ಆರ್‌ಎಕ್ಸ್ 100, ಯೆಜ್ಡಿ, ಬುಲೆಟ್ ಬೈಕ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಚೆನ್ನಾಗಿ ಓಡುತ್ತಿದ್ದ ನನ್ನ ಗಾಡಿಯ ಕಾರ್ಬುರೇಟರ್ (ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಹಾಳು ಮಾಡಿ ಕೊಟ್ಟಿದ್ದಾರೆ, ಅದೂ ದುಡ್ಡು ತಗೊಂಡು. ಅಂಗಡಿ ಹೆಸರು ಹಾಕುವುದಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಗಾಡಿ ನಮ್ಮ ಸೋದರಮಾವ ಕೊಟ್ಟ ಆರ್‌ಎಕ್ಸ್ 100. ಇಲ್ಲಿಯ ಮಳೆ ನಿಮಗೆ ಗೊತ್ತಲ್ಲ, ಕಾರ್ಬುರೇಟರ್ ಬಾಡಿ ಮೇಲೆ ಬಿಳಿ ಪುಡಿ ಎದ್ದು ಮಂಕಾಗಿತ್ತು. ಅಷ್ಟೇ. ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು, ಸ್ಲೋ (ಥ್ರಾಟಲ್ ಬಿಟ್ಟಾಗಿನ ನಿಧಾನ ಓಟ) ಸರಿಯಾಗಿ ನಿಲ್ಲುತ್ತಿತ್ತು. ಒಬ್ಬರು ವಾಟ್ಸಾಪ್ ಸ್ಟೇಟಸ್‌ನಲ್ಲಿ ಫಳಫಳ ಹೊಳೆಯುವ ಕಾರ್ಬುರೇಟರ್ ಫೋಟೋ ಹಾಕುತ್ತಿದ್ದರು. ಹೋಗಿ ಕೇಳಿದೆ. "ಅಲ್ಟ್ರಾಸಾನಿಕ್ ಮಷಿನ್ ಐತ್ರಿ. ಆಮ್ಯಾಲ ವೇಪರ್ ಬ್ಲಾಸ್ಟಿಂಗ್ ಮಾಡ್ತೇವಿ. ಕನ್ನಡಿ ಹಂಗ ಆಗತೈತಿ, ಚಿಂತಿ ಮಾಡಬ್ಯಾಡ್ರಿ ಸರ" ಅಂದರು. 1,500 ರೂಪಾಯಿ, ಅರ್ಧ ಅಡ್ವಾನ್ಸ್. ಅಲ್ಟ್ರಾಸಾನಿಕ್ ಅಂದರೆ ದ್ರವದಲ್ಲಿ ಮುಳುಗಿಸಿ ಶಬ್ದ ತರಂಗದಿಂದ ಕೊಳೆ ಬಿಡಿಸುವುದು. ವೇಪರ್ ಬ್ಲಾಸ್ಟಿಂಗ್ ಅಂದರೆ ನೀರಿನ ಜೊತೆ ಗಾಜಿನ ಸಣ್ಣ ಮಣಿ ಹೊಡೆಯುವುದು. ಬಾಡಿ ಸವೆಯುವುದು ತೀರಾ ಕಡಿಮೆ. ಅದಕ್ಕೇ ಒಪ್ಪಿದೆ.

ವಾಪಸ್ ಬಂದಾಗ ನಿಜಕ್ಕೂ ಹೊಳೆಯುತ್ತಿತ್ತು. ಖುಷಿಯಿಂದ ಬಾಕಿ ದುಡ್ಡೂ ಕೊಟ್ಟೆ. ಮನೆಗೆ ಬಂದು ಬೆಳಕಿನಲ್ಲಿ ಹಿಡಿದು ನೋಡಿದರೆ ಬಾಡಿ ಮೇಲಿನ ಉಬ್ಬು ಅಕ್ಷರ ಅರ್ಧ ಅಳಿಸಿಹೋಗಿದೆ! ಎದೆ ಧಸಕ್ ಅಂತು. ಗಾಜಿನ ಮಣಿಯಿಂದ ಅಕ್ಷರ ಹೀಗೆ ಅಳಿಯಲ್ಲ. ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಒತ್ತಿ ಹಿಡಿದರೆ ಅಳಿಯುತ್ತೆ.

ಆದರೂ ಕೂಡಿಸಿದೆವು. ಪೆಟ್ರೋಲ್ ಬಿಟ್ಟ ತಕ್ಷಣ ಬೌಲ್ (ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಕೂಡುವ ಜಾಗದಿಂದ ಜಿನುಗತೊಡಗಿತು. ಹೇಗೋ ಸ್ಟಾರ್ಟ್ ಮಾಡಿದರೆ ಸ್ಲೋ ನಿಲ್ಲುತ್ತಿಲ್ಲ. ಸ್ವಲ್ಪ ಥ್ರಾಟಲ್ ಕೊಟ್ಟೆ, ಕೈ ಬಿಟ್ಟರೂ ರೇಸ್ ಇಳಿಯಲಿಲ್ಲ. ಥ್ರಾಟಲ್ ತಿರುಗಿಸಿದಾಗ ಏರಿಳಿಯುವ ಸ್ಲೈಡ್ ಮೇಲೆಯೇ ಸಿಕ್ಕಿಕೊಂಡಿತ್ತು. ಸ್ಟ್ಯಾಂಡ್ ಮೇಲಿತ್ತು, ಬಚಾವ್. ಕಾಂಗ್ರೆಸ್ ರೋಡಿನ ಟ್ರಾಫಿಕ್‌ನಲ್ಲಿ ಹೀಗಾಗಿದ್ದರೆ?

ನಮ್ಮ ಮೆಕ್ಯಾನಿಕ್ ಕಾಕಾ ಬಿಚ್ಚಿ ತೋರಿಸಿದರು. ಸ್ಲೋಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್‌ನ ದಾರಿಯಲ್ಲಿ ಮರಳು. ನಿಜವಾದ ಮರಳು, ಬೆರಳಿಗೆ ಹತ್ತುವಷ್ಟು. ಸ್ಲೈಡ್ ಓಡಾಡುವ ಕೊಳವೆಯ ಒಳಗೆಲ್ಲ ಗೀರು. ಬೌಲ್ ಕೂಡುವ ಅಂಚು ದುಂಡಗಾಗಿದೆ. ಜೆಟ್, ನೀಡಲ್ ತೆಗೆಯದೆ, ತೂತುಗಳನ್ನು ಮುಚ್ಚದೆ ಒಣ ಮರಳು ಹೊಡೆದು, ಮೇಲೆ ಬಫ್ ಮಾಡಿ, ಲ್ಯಾಕರ್ ಬಳಿದಿದ್ದಾರೆ. ಆ ಲ್ಯಾಕರ್ ಕೂಡ ಪೆಟ್ರೋಲ್ ತಾಗಿದ ಕಡೆ ಸಿಪ್ಪೆ ಸುಲಿದು ಬರುತ್ತಿತ್ತು. ಪೈಲಟ್ ದಾರಿ ಕಟ್ಟಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದರೆ ಟೂ ಸ್ಟ್ರೋಕ್ ಗಾಡಿಗೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಎಂಜಿನ್ ವಿಪರೀತ ಕಾಯುತ್ತೆ. ಹಾಗೇ ಓಡಿಸಿದ್ದರೆ ಪಿಸ್ಟನ್ ಸೀಜ್ ಆಗಬಹುದಿತ್ತು, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲಬಹುದಿತ್ತು.

ಈಗ ಅವರ ಉತ್ತರಗಳನ್ನು ಕೇಳಿ. ಮೊದಲು, "ನಿಮ್ಮ ಬಾಡಿ ಮೊದಲ ಸವದಿತ್ರಿ." ಆಮೇಲೆ, "ಈಗಿನ ಪೆಟ್ರೋಲ್‌ದಾಗ ಎಥೆನಾಲ್ ಇರತೈತಿ, ಅದರಿಂದ ಆಗೇತಿ." ಮರಳು ಎಥೆನಾಲ್‌ನಿಂದ ಬರುತ್ತಾ? ಹಾಗಾದರೆ ನಿಮ್ಮ ಅಲ್ಟ್ರಾಸಾನಿಕ್ ಮಷಿನ್ ತೋರಿಸಿ ಅಂದೆ. "ಅದು ರಿಪೇರಿಗೆ ಹೋಗೇತ್ರಿ" ಅಂದರು. ಅವರ ಹಿಂದೆಯೇ ಯಾರದೋ ಚಕ್ರದ ರಿಮ್‌ಗೆ ಒಣ ಮರಳು ಹೊಡೆಯುತ್ತಿದ್ದರು, ಒಂದು ಪೆಟ್ಟಿಗೆಯಲ್ಲಿ. ಕೊನೆಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಹೊಳಪು ಕೊಡೋದು ನಮ್ಮ ಕೆಲಸ್ರಿ. ಗಾಡಿ ಓಡಸೋದು ನಿಮ್ಮ ಮೆಕ್ಯಾನಿಕ್ ಕೆಲಸ." ಇದಾದ ಮೇಲೆ ಸಂಜೆ ಮೆಸೇಜ್, ಹೊಸ ಕಾರ್ಬುರೇಟರ್ ಬೇಕಾದರೆ ನಾನೇ ಕಮ್ಮಿಗೆ ಕೊಡಿಸ್ತೀನಿ ಅಂತ! ಹಾಳು ಮಾಡಿ, ಅದರ ಮೇಲೆ ವ್ಯಾಪಾರ. ದುಡ್ಡು ವಾಪಸ್ ಕೇಳಿದಾಗಿನಿಂದ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ.

ಬೇಜಾರು ಏನೆಂದರೆ ಇದು ಬೆಳಗಾವಿ. ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಎರಕ, ಮಷಿನ್ ಕೆಲಸ ಅರೆದು ಕುಡಿದ ಜನ ಇದ್ದಾರೆ. ಇಂಥ ಊರಲ್ಲಿ ಈ ಕೆಲಸ. ಮಾವನಿಗೆ ಇನ್ನೂ ಹೇಳಿಲ್ಲ, ಹೇಳೋಕೆ ಮುಖ ಇಲ್ಲ.

ಕೊಡಲೇಬೇಕಿದ್ದರೆ ಮಷಿನ್ ಕಣ್ಣಾರೆ ನೋಡಿ ಕೊಡಿ. ಜೆಟ್, ಫ್ಲೋಟ್, ನೀಡಲ್, ರಬ್ಬರ್ ಎಲ್ಲ ನಿಮ್ಮ ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ ಇಟ್ಟುಕೊಳ್ಳಿ. ಕಾಸ್ಟಿಕ್‌ನಲ್ಲಿ ಅದ್ದುತ್ತೇವೆ, ಆ್ಯಸಿಡ್ ಹಾಕುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಈ ಬಾಡಿಗಳು ಅಲ್ಯುಮಿನಿಯಂ ಇಲ್ಲವೇ ಸತು ಬೆರೆತ ಎರಕ, ಎರಡನ್ನೂ ಅವು ತಿಂದುಹಾಕುತ್ತವೆ. ಕಂಪನಿಯಿಂದ ಬಂದಾಗಲೂ ಬಾಡಿ ಫಳಫಳ ಇರಲಿಲ್ಲ, ಮಂಕು ಬೆಳ್ಳಿ ಬಣ್ಣವೇ ಇತ್ತು. ಕಾರ್ಬುರೇಟರ್ ಕ್ಲೀನರ್, ನೈಲಾನ್ ಬ್ರಷ್, ಗಾಳಿ ಪ್ರೆಶರ್ ಸಾಕು ಅಲ್ವಾ?

ಇವತ್ತು ಬೆಳಿಗ್ಗೆ ಅವರ ಸ್ಟೇಟಸ್ ನೋಡಿದೆ. ನನ್ನದೇ ಕಾರ್ಬುರೇಟರ್ ಫೋಟೋ ಹಾಕಿದ್ದಾರೆ, "ಕಸ್ಟಮರ್ ಫುಲ್ ಖುಷ್" ಅಂತ ಬರೆದು. ಅಕ್ಷರ ಅರ್ಧ ಅಳಿಸಿದ ಬಾಡಿ ಕಂಡರೆ ಅದು ನನ್ನದೇ. ಅದನ್ನು ನೋಡಿ ಯಾರೂ ಗಾಡಿ ಬಿಚ್ಚಬೇಡಿ.